ತೂಕಕ್ಕೆ ದಂಡ ಹಾಕಿದರೆ ಬೊಜ್ಜು ಕರಗೀತೇ?

ಆಯುಧಪೂಜೆಯ ಹಿಂದಿನ ಸಂಜೆ. ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ಪರಿಚಯದ ತಾಯಿಯೊಬ್ಬರು ತಮ್ಮ ಮಗನನ್ನು ಆಟೋದಲ್ಲಿ ಕರೆತಂದರು. ಮಗನಿಗೆ ಸುಮಾರು 40 ವರ್ಷ. ಅಮೆರಿಕದಲ್ಲಿ ಕೆಲಸ. ದಸರಾಕ್ಕೆಂದು ಮೂರು ವಾರದ ರಜೆಯ ಮೇಲೆ ಊರಿಗೆ ಬಂದಿದ್ದರು. ಮೈಯೆಲ್ಲ ಬೆವರು, ಕೈಗಳಲ್ಲಿ ನಡುಕ, ತೊದಲು ಮಾತು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರೆ ಬರೀ 48!

"ಏನಾಯಿತಮ್ಮಾ?" ಎಂದು ಕೇಳಿದೆ.

"ನಾಲ್ಕು ದಿನದಿಂದ ಬರೀ ನೀರು, ಮಜ್ಜಿಗೆ ಕುಡಿದುಕೊಂಡಿದ್ದಾನೆ ಡಾಕ್ಟ್ರೇ. ಹಬ್ಬ ಅಂತ ಹೋಳಿಗೆ ಮಾಡಿದ್ದೆ, ಮುಟ್ಟಲಿಲ್ಲ. ಸಕ್ಕರೆ ಕಾಯಿಲೆ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದಾನೆ" ಎಂದರು ಆ ತಾಯಿ.

ಗ್ಲೂಕೋಸ್ ಕೊಟ್ಟ ಹತ್ತು ನಿಮಿಷದಲ್ಲಿ ಅವರು ಚೇತರಿಸಿಕೊಂಡರು. ಆದರೆ ಅವರು ನುಂಗಿದ್ದ ಗ್ಲಿಮೆಪಿರೈಡ್ ಮಾತ್ರೆಯ ಪ್ರಭಾವ ಅಷ್ಟು ಬೇಗ ಇಳಿಯುವಂಥದಲ್ಲ. ಸಕ್ಕರೆ ಮತ್ತೆ ಕುಸಿಯಬಹುದು. ಆದ್ದರಿಂದ ರಾತ್ರಿಯಿಡೀ ನರ್ಸಿಂಗ್ ಹೋಮಿನಲ್ಲಿ ಇರಿಸಿಕೊಳ್ಳಬೇಕಾಯಿತು. ಮರುದಿನ ಬೆಳಿಗ್ಗೆ ಈ ಉಪವಾಸಕ್ಕೆ ಕಾರಣವೇನೆಂದು ವಿಚಾರಿಸಿದೆ. ಅವರು ಕೊಟ್ಟ ಉತ್ತರ ನನಗೆ ಹೊಸದು.

"ವಾಪಸು ಹೋದ ವಾರದಲ್ಲೇ ಆಫೀಸಿನಲ್ಲಿ ತೂಕ ನೋಡುತ್ತಾರೆ ಡಾಕ್ಟರ್. ಬಿಎಂಐ 30ಕ್ಕಿಂತ ಕಡಿಮೆಯಿದ್ದರೆ ಆರೋಗ್ಯ ವಿಮೆಯ ಕಂತಿನಲ್ಲಿ ರಿಯಾಯಿತಿ. ಇಲ್ಲದಿದ್ದರೆ ವರ್ಷವಿಡೀ ಸಂಬಳದಲ್ಲಿ ಹೆಚ್ಚು ಮುರಿದುಕೊಳ್ಳುತ್ತಾರೆ. ನೀರು ಹೋಗುವ ಮಾತ್ರೆ ಬರೆದುಕೊಡಿ, ಐದಾರು ಕಿಲೋ ಇಳಿದರೆ ಸಾಕು!"

ಅವರ ಎತ್ತರ 170 ಸೆಂಟಿಮೀಟರ್, ತೂಕ 92 ಕಿಲೋ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಇವರದು 31.8. ಅದನ್ನು 30ಕ್ಕಿಂತ ಕೆಳಗಿಳಿಸಲು ಐದೂವರೆ ಕಿಲೋ ಇಳಿಯಬೇಕು. ನೀರಿನ ಮಾತ್ರೆಯಿಂದ ಕೊಬ್ಬು ಕರಗುವುದಿಲ್ಲ. ದೇಹದ ನೀರು, ಅದರ ಜೊತೆಗೆ ಪೊಟಾಸಿಯಂ ಹೋಗುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ. ನಾನು ಬರೆದುಕೊಡಲಿಲ್ಲ. ಆದರೆ ಓದು ಬರಹ ಬಲ್ಲ ಮನುಷ್ಯ ತನ್ನ ಪ್ರಾಣಕ್ಕೇ ಕುತ್ತು ತಂದುಕೊಳ್ಳುವಂತೆ ಮಾಡಿದ ಈ ವ್ಯವಸ್ಥೆ ಯಾವುದು? ನಮ್ಮಲ್ಲಿ ಅನೇಕರ ಮಕ್ಕಳು, ಅಳಿಯಂದಿರು ಅಮೆರಿಕದಲ್ಲಿ ದುಡಿಯುತ್ತಿರುವಾಗ ಇದನ್ನು ನಾವು ತಿಳಿದಿರುವುದು ಒಳ್ಳೆಯದು.

ಕೆಲಸಕ್ಕೂ ವಿಮೆಗೂ ಬಿದ್ದ ಗಂಟು

ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರಿಗೆ ಆರೋಗ್ಯ ವಿಮೆ ಸಿಗುವುದು ಕೆಲಸದ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿನ ಸರ್ಕಾರ ಸಂಬಳ ಏರಿಸದಂತೆ ನಿರ್ಬಂಧ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪೆನಿಗಳು ಸಂಬಳದ ಬದಲು ಆಸ್ಪತ್ರೆ ಖರ್ಚಿನ ವಿಮೆ ಕೊಡತೊಡಗಿದವು. 1954ರಲ್ಲಿ ಇದಕ್ಕೆ ತೆರಿಗೆ ವಿನಾಯಿತಿ ಕಾನೂನಿನಲ್ಲೇ ಸೇರಿತು. ಅಂದಿನಿಂದ ಈ ಗಂಟು ಬಿಚ್ಚಿಲ್ಲ.

ಅಲ್ಲಿ ವಿಮೆ ಬಲು ದುಬಾರಿ. 2024ರಲ್ಲಿ ಕಂಪೆನಿಗಳ ಮೂಲಕ ಪಡೆಯುವ ವಿಮೆಗೆ ಒಬ್ಬ ನೌಕರನ ಸರಾಸರಿ ವಾರ್ಷಿಕ ಕಂತು 8,951 ಡಾಲರ್; ಕುಟುಂಬಕ್ಕೆ 25,572 ಡಾಲರ್. ಇದರ ದೊಡ್ಡ ಪಾಲನ್ನು ಮಾಲೀಕರು ಕೊಡುತ್ತಾರೆ, ಉಳಿದದ್ದು ನೌಕರನ ಸಂಬಳದಿಂದ ಹೋಗುತ್ತದೆ. ಖರ್ಚು ಏರುತ್ತಾ ಹೋದಂತೆ ಮಾಲೀಕರ ಕಣ್ಣು ನೌಕರರ ಹೊಟ್ಟೆಯ ಮೇಲೆ ಬಿತ್ತು. "ಬೊಜ್ಜಿನಿಂದ ಕಾಯಿಲೆ, ಕಾಯಿಲೆಯಿಂದ ಖರ್ಚು. ಆದ್ದರಿಂದ ಬೊಜ್ಜು ಇರುವವನೇ ಹೆಚ್ಚು ಕೊಡಲಿ" ಎಂಬುದು ಅವರ ವಾದ.

ಅಲಬಾಮಾ ರಾಜ್ಯ 2008ರಲ್ಲೇ ಈ ಹಾದಿ ಹಿಡಿಯಿತು. ಉಚಿತ ತಪಾಸಣೆ ಮಾಡಿಸಿಕೊಳ್ಳದ, ಅಥವಾ ತೂಕ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ವಿಪರೀತವಿದ್ದೂ ಸರಿಪಡಿಸಿಕೊಳ್ಳಲು ಯತ್ನಿಸದ ಸರ್ಕಾರಿ ನೌಕರರಿಂದ ತಿಂಗಳಿಗೆ 25 ಡಾಲರ್ ವಸೂಲು ಮಾಡುವ ಯೋಜನೆ ಅದು. ಸಿವಿಎಸ್ ಎಂಬ ಔಷಧ ಮಳಿಗೆಗಳ ಸಂಸ್ಥೆ 2013ರಲ್ಲಿ ತನ್ನ ನೌಕರರಿಗೆ ತೂಕ, ಸಕ್ಕರೆ ಮೊದಲಾದ ವಿವರ ಕೊಡಿ, ಇಲ್ಲವೇ ವರ್ಷಕ್ಕೆ 600 ಡಾಲರ್ ಹೆಚ್ಚು ಕೊಡಿ ಎಂದಿತು. ಅದೇ ವರ್ಷ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯ ತಪಾಸಣೆಗೆ ಒಪ್ಪದವರಿಗೆ ತಿಂಗಳಿಗೆ 100 ಡಾಲರ್ ಹಾಕಲು ಹೊರಟಿತು. ಅಧ್ಯಾಪಕರು ತಿರುಗಿಬಿದ್ದಾಗ ಕೈಬಿಟ್ಟಿತು.

ಕಾನೂನು ಏನು ಹೇಳುತ್ತದೆ?

1996ರ ಅಮೆರಿಕದ ಕಾನೂನೊಂದು, ಆರೋಗ್ಯ ಚೆನ್ನಾಗಿಲ್ಲವೆಂದು ಒಬ್ಬ ನೌಕರನಿಂದ ಅವನ ಸಹೋದ್ಯೋಗಿಗಿಂತ ಹೆಚ್ಚು ಕಂತು ವಸೂಲು ಮಾಡಕೂಡದು ಎನ್ನುತ್ತದೆ. ಆದರೆ ಅದರಲ್ಲೇ ಒಂದು ಕಿಂಡಿ ಇದೆ. 'ಆರೋಗ್ಯ ಸುಧಾರಣಾ ಕಾರ್ಯಕ್ರಮ'ದ ಹೆಸರಿನಲ್ಲಿ ಬಹುಮಾನ ಅಥವಾ ದಂಡ ಇಡಬಹುದು. 2006ರ ನಿಯಮದಲ್ಲಿ ಇದರ ಮಿತಿ ಒಟ್ಟು ಕಂತಿನ ಶೇಕಡಾ 20. ಅಧ್ಯಕ್ಷ ಒಬಾಮಾ ಕಾಲದ 2010ರ ಆರೋಗ್ಯ ಕಾನೂನು ಅದನ್ನು 2014ರಿಂದ ಶೇಕಡಾ 30ಕ್ಕೆ ಏರಿಸಿತು. ತಂಬಾಕಿನ ವಿಚಾರದಲ್ಲಿ ಶೇಕಡಾ 50ರವರೆಗೂ ಅವಕಾಶವಿದೆ. 2024ರ ಸರಾಸರಿ ಕಂತಿಗೆ ಲೆಕ್ಕ ಹಾಕಿದರೆ ಶೇಕಡಾ 30 ಎಂದರೆ ವರ್ಷಕ್ಕೆ ಸುಮಾರು 2,685 ಡಾಲರ್! ಸಣ್ಣ ಸಂಬಳದವನಿಗೆ ಇದು ಒಂದು ತಿಂಗಳ ದುಡಿಮೆಗೆ ಸಮ.

ಈ ಏರಿಕೆಯ ಹಿಂದೆ ಒಂದು ಕಥೆಯಿದೆ. ಸೇಫ್‌ವೇ ಎಂಬ ದಿನಸಿ ಮಳಿಗೆಗಳ ಸಂಸ್ಥೆಯ ಮುಖ್ಯಸ್ಥ ಸ್ಟೀವನ್ ಬರ್ಡ್ 2009ರಲ್ಲಿ, ತಂಬಾಕು, ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಈ ನಾಲ್ಕನ್ನೂ ವಿಮಾ ಕಂತಿಗೆ ಜೋಡಿಸಿದ್ದರಿಂದ ತಮ್ಮಲ್ಲಿ ವೈದ್ಯಕೀಯ ವೆಚ್ಚ ವರ್ಷಗಟ್ಟಲೆ ಏರಲೇ ಇಲ್ಲ ಎಂಬ ಚಿತ್ರ ಕೊಟ್ಟರು. ಶಾಸಕರು ನಂಬಿದರು. 2010ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಲೆಕ್ಕ ಬಿಚ್ಚಿಟ್ಟಿತು. ವೆಚ್ಚ ಇಳಿದದ್ದು 2006ರಲ್ಲಿ, ವಿಮೆಯ ಸ್ವರೂಪವನ್ನೇ ಬದಲಾಯಿಸಿದಾಗ. ತೂಕವನ್ನು ಕಂತಿಗೆ ಜೋಡಿಸಿದ್ದು 2009ರಲ್ಲಿ! ಆದರೂ ಶೇಕಡಾ 30 ಕಾನೂನಿನಲ್ಲಿ ಉಳಿದುಕೊಂಡಿತು.

ತೂಕ ಒಂದು ನಡತೆಯಲ್ಲ

ಸಿಗ್ನಲ್ ಮುರಿದವನಿಗೆ ದಂಡ ಹಾಕುತ್ತೇವೆ, ಏಕೆಂದರೆ ನಿಲ್ಲುವುದು ಅವನ ಕೈಯಲ್ಲಿತ್ತು. ತೂಕ ಹಾಗಲ್ಲ. ಊಟ, ನಡಿಗೆ, ನಿದ್ರೆ ಇವು ನಮ್ಮ ನಡತೆ. ತೂಕ ಇವುಗಳ ಜೊತೆಗೆ ಇನ್ನೂ ಹತ್ತಾರು ಸಂಗತಿ ಸೇರಿ ಬರುವ ಫಲ.

ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ತೂಕಗಳ ನಡುವಿನ ವ್ಯತ್ಯಾಸದಲ್ಲಿ ಶೇಕಡಾ 40ರಿಂದ 70ರಷ್ಟು ಆನುವಂಶಿಕ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಹೆಣ್ಣುಮಕ್ಕಳಲ್ಲಿ ಪಿಸಿಓಎಸ್ ಎಂಬ ತೊಂದರೆ ತೂಕ ಏರಿಸುತ್ತವೆ. ನಾವು ವೈದ್ಯರೇ ಬರೆದುಕೊಡುವ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಫಿಟ್ಸ್ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್, ಇನ್ಸುಲಿನ್ ಕೂಡ ತೂಕ ಏರಿಸಬಲ್ಲವು. ನಮ್ಮ ಈ ರೋಗಿ ನುಂಗುತ್ತಿದ್ದ ಗ್ಲಿಮೆಪಿರೈಡ್ ಅದೇ ಸಾಲಿಗೆ ಸೇರಿದ್ದು. ಒಂದು ಕಡೆ ತೂಕ ಏರಿಸುವ ಮಾತ್ರೆ, ಇನ್ನೊಂದು ಕಡೆ ತೂಕಕ್ಕೆ ದಂಡ!

ಇಳಿಸಿದ ತೂಕವನ್ನು ಉಳಿಸಿಕೊಳ್ಳುವುದೂ ಸುಲಭವಲ್ಲ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ, ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಿನವರ ತೂಕ ಬಹುಮಟ್ಟಿಗೆ ಮರಳಿ ಬಂದಿತ್ತು. ಅವರ ದೇಹ ವಿಶ್ರಾಂತಿಯಲ್ಲಿ ಉರಿಸುತ್ತಿದ್ದ ಶಕ್ತಿ, ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ದೇಹಕ್ಕೆ ತೂಕ ಇಳಿಯುವುದೆಂದರೆ ಬರಗಾಲ ಬಂದಂತೆ. ಅದು ಖರ್ಚು ಬಿಗಿಹಿಡಿಯುತ್ತದೆ.

ಇನ್ನು ಬಿಎಂಐ ಎಂಬ ಅಳತೆಗೋಲು. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಕ್ವೆಟ್ಲೆ ಇದನ್ನು ರೂಪಿಸಿದ್ದು ಜನಸಮುದಾಯಗಳನ್ನು ಅಳೆಯಲು, ಒಬ್ಬೊಬ್ಬ ರೋಗಿಯನ್ನು ಅಳೆಯಲು ಅಲ್ಲ. ಅದಕ್ಕೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ತಿಳಿಯದು. ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ದೇಹದಲ್ಲಿ 21.2! ಹೀಗಾಗಿ 'ತೆಳ್ಳಗಿದ್ದೇನೆ, ದಂಡವಿಲ್ಲ' ಎಂದು ಬೀಗುವ ಭಾರತೀಯ ನೌಕರನಲ್ಲೂ ಸಕ್ಕರೆ ಕಾಯಿಲೆ ಅವಿತಿರಬಹುದು. ದಂಡದ ತಕ್ಕಡಿ ಅವನನ್ನು ಹಿಡಿಯುವುದೇ ಇಲ್ಲ.

ದಂಡದಿಂದ ತೂಕ ಇಳಿಯಿತೇ?

ಮಾತು ಬಿಡಿ, ಪರೀಕ್ಷೆಯ ಫಲ ನೋಡೋಣ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ದುಡಿಯುವ, ಬೊಜ್ಜಿರುವ 197 ನೌಕರರಿಗೆ ತೂಕದಲ್ಲಿ ಶೇಕಡಾ 5 ಇಳಿಸುವ ಗುರಿ ಕೊಡಲಾಯಿತು. ಕೆಲವರಿಗೆ, ಗುರಿ ಮುಟ್ಟಿದರೆ ವಿಮಾ ಕಂತಿನಲ್ಲಿ 550 ಡಾಲರ್ ರಿಯಾಯಿತಿ ಎಂದು ಹೇಳಲಾಯಿತು. ಇನ್ನು ಕೆಲವರಿಗೆ ಹಣದ ಮಾತೇ ಇಲ್ಲ. ವರ್ಷದ ಕೊನೆಗೆ ಯಾವ ಗುಂಪಿನಲ್ಲೂ ಸರಾಸರಿ ಒಂದು ಕಿಲೋ ಕೂಡ ಇಳಿದಿರಲಿಲ್ಲ. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇವರೆಲ್ಲ ಆಸ್ಪತ್ರೆಯಲ್ಲೇ ದುಡಿಯುವವರು ಎಂಬುದನ್ನು ಗಮನಿಸಿ.

2019ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ 160 ಮಳಿಗೆಗಳ ಸುಮಾರು 33,000 ನೌಕರರದು. ಇಲ್ಲಿ ದಂಡವಿರಲಿಲ್ಲ, ಆಯ್ದ ಮಳಿಗೆಗಳಲ್ಲಿ ಆರೋಗ್ಯ ಪಾಠ ನಡೆಯಿತು. ಒಂದೂವರೆ ವರ್ಷದ ನಂತರ ಆ ನೌಕರರು 'ವ್ಯಾಯಾಮ ಹೆಚ್ಚು ಮಾಡುತ್ತಿದ್ದೇವೆ' ಎಂದು ಹೇಳಿದರೇ ಹೊರತು ತೂಕ, ರಕ್ತದೊತ್ತಡ, ಕೊಲೆಸ್ಟರಾಲ್, ವೈದ್ಯಕೀಯ ಖರ್ಚು ಯಾವುದರಲ್ಲೂ ಇತರ ಮಳಿಗೆಗಳಿಗಿಂತ ವ್ಯತ್ಯಾಸ ಕಾಣಲಿಲ್ಲ. ಆಫೀಸಿನ ಗೋಡೆಯೊಳಗಿನ ಕಾರ್ಯಕ್ರಮಕ್ಕೆ ಇರುವ ಶಕ್ತಿ ಇಷ್ಟೇ.

ಹಾಗಾದರೆ ಮಾಲೀಕರಿಗೆ ಹಣ ಉಳಿಯುವುದು ಎಲ್ಲಿಂದ? ದಂಡ ಕಟ್ಟಿದವರ ಜೇಬಿನಿಂದ. ಕಾಯಿಲೆಯ ಖರ್ಚು ಕಡಿಮೆಯಾಗುವುದಿಲ್ಲ, ಅದನ್ನು ಹೊರುವ ಹೆಗಲು ಬದಲಾಗುತ್ತದೆ. ಅದೂ ಯಾರ ಹೆಗಲು? ಅಮೆರಿಕದಲ್ಲಿ ಬೊಜ್ಜು ಹೆಚ್ಚಾಗಿ ಕಾಣುವುದು ಕಡಿಮೆ ಓದಿದ, ಕಡಿಮೆ ಆದಾಯದ ಹೆಂಗಸರಲ್ಲಿ. ರಾತ್ರಿ ಪಾಳಿ ಮಾಡಿ, ಸಿಕ್ಕ ಅಗ್ಗದ ಕರಿದ ತಿಂಡಿ ತಿಂದು, ಮನೆಗೆ ಬಂದು ಮಕ್ಕಳನ್ನು ನೋಡಿಕೊಳ್ಳುವ ತಾಯಿಗೆ ಜಿಮ್‌ಗೆ ಹೋಗಲು ಪುರುಸೊತ್ತೆಲ್ಲಿ? ಸಾಲದ್ದಕ್ಕೆ, ಇಂಥವರು ಈಗಾಗಲೇ ದಂಡ ತೆರುತ್ತಿದ್ದಾರೆ. ಕಂಪೆನಿ ವಿಮೆ ಇರುವ ಕಡೆ ಬೊಜ್ಜಿರುವ ನೌಕರರಿಗೆ ಸಂಬಳವೇ ಕಡಿಮೆ ಇರುತ್ತದೆ ಎಂದು ಭಟ್ಟಾಚಾರ್ಯ ಮತ್ತು ಬಂಡಾರ್ಫ್ ಎಂಬ ಸಂಶೋಧಕರು 2009ರಲ್ಲಿ ತೋರಿಸಿದ್ದರು.

ಜಪಾನ್ ಬೇರೆ ದಾರಿ ಹಿಡಿಯಿತು. 2008ರಿಂದ ಅಲ್ಲಿ 40ರಿಂದ 74 ವರ್ಷದವರ ಸೊಂಟ ಅಳೆಯುತ್ತಾರೆ. ಗಂಡಸರಿಗೆ 85, ಹೆಂಗಸರಿಗೆ 90 ಸೆಂಟಿಮೀಟರ್ ಮಿತಿ. ಮೀರಿದವರಿಗೆ ತಿಳುವಳಿಕೆ ಕೊಡಬೇಕು. ಆದರೆ ಅಲ್ಲಿ ನೌಕರನಿಗೆ ದಂಡವಿಲ್ಲ. ಗುರಿ ಮುಟ್ಟದಿದ್ದರೆ ಹೊರೆ ಬೀಳುವುದು ವಿಮಾ ಸಂಸ್ಥೆಯ ಮೇಲೆ.

ಉತ್ತರ ಕೆರೊಲಿನಾ ರಾಜ್ಯದ ಕಥೆ ಇನ್ನೂ ವಿಚಿತ್ರ. ಬಿಎಂಐ ಮಿತಿ ಮೀರಿದ ಸರ್ಕಾರಿ ನೌಕರರನ್ನು ದುಬಾರಿ ವಿಮೆಗೆ ತಳ್ಳುವ ಕಾನೂನನ್ನು 2009ರಲ್ಲಿ ಮಾಡಿ, ಆಮೇಲೆ ಕೈಬಿಟ್ಟರು. ಮುಂದೆ ತೂಕವನ್ನು ನಿಜವಾಗಿ ಇಳಿಸಬಲ್ಲ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಬಂದಾಗ, ವೆಚ್ಚ ಭರಿಸಲಾಗದೆಂದು, ತೂಕ ಇಳಿಸಲಿಕ್ಕಾಗಿ ಅವನ್ನು ಕೊಡುವುದನ್ನು ಅದೇ ವಿಮಾ ಯೋಜನೆ 2024ರ ಏಪ್ರಿಲ್‌ನಿಂದ ನಿಲ್ಲಿಸಿತು. ಬೊಜ್ಜು ಕಾಯಿಲೆಯಾದರೆ ಚಿಕಿತ್ಸೆ ಕೊಡಬೇಕು. ತಪ್ಪಾದರೆ ದಂಡ ಹಾಕಬೇಕು. ದಂಡದ ಯೋಚನೆ ಬಂದಾಗ ಅದು ತಪ್ಪು, ಚಿಕಿತ್ಸೆಯ ಖರ್ಚು ಬಂದಾಗ ಅದು ವೈಯಕ್ತಿಕ ಬಯಕೆ. ಇದು ಯಾವ ನ್ಯಾಯ?

ಹಾಗಾದರೆ ಬೊಜ್ಜು ಹಾಗೇ ಇರಲೇ?

ಖಂಡಿತ ಬೇಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಗೊರಕೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಬೊಜ್ಜಿನ ಬಂಧುಬಳಗ. ಆದರೆ ಇದಕ್ಕೆ ಮದ್ದು ಸಹಾಯ, ಬೆದರಿಕೆಯಲ್ಲ. ಅಮೆರಿಕದಲ್ಲೇ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ತರಬೇತುದಾರರನ್ನು ಕೊಟ್ಟು, ವಾರಕ್ಕೆ 150 ನಿಮಿಷ ನಡಿಗೆ, ಶೇಕಡಾ 7 ತೂಕ ಇಳಿಕೆಯ ಗುರಿ ಇಟ್ಟರು. ಕಾಯಿಲೆ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಯಾರಿಗೂ ದಂಡ ಹಾಕಿರಲಿಲ್ಲ. ಚೆನ್ನೈನ ಡಾ. ರಾಮಚಂದ್ರನ್ ಮತ್ತು ಸಂಗಡಿಗರು 531 ಭಾರತೀಯರಲ್ಲಿ ಇಂಥದೇ ಅಧ್ಯಯನ ನಡೆಸಿ 2006ರಲ್ಲಿ ಪ್ರಕಟಿಸಿದರು. ಅಲ್ಲಿ ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಶೇಕಡಾ 28.5ರಷ್ಟು ಕಡಿಮೆಯಾಯಿತು. ವಿಶೇಷವೇನೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತಕ್ಕಡಿ ಕದಲದಿದ್ದರೂ ದೇಹದೊಳಗೆ ಒಳಿತಾಗಿತ್ತು. ದಂಡದ ಲೆಕ್ಕದಲ್ಲಿ ಇವರೆಲ್ಲ ಸೋತವರು.

ನೀವು ಮಾಡಬೇಕಾದುದು

ನಿಮ್ಮ ಮಕ್ಕಳು ಅಮೆರಿಕದಲ್ಲಿದ್ದರೆ ಈ ನಾಲ್ಕು ಮಾತು ತಿಳಿಸಿ:

1. ಅಲ್ಲಿನ 2013ರ ನಿಯಮದಂತೆ, ಕಂತಿನ ರಿಯಾಯಿತಿಗೆ ತೂಕದ ಗುರಿ ಇಟ್ಟರೆ, ಅದನ್ನು ಮುಟ್ಟದವರಿಗೆ ಬೇರೊಂದು ದಾರಿ ಕೊಡಲೇಬೇಕು. ನಡಿಗೆಯ ಕಾರ್ಯಕ್ರಮವೋ ಪಥ್ಯದ ತರಗತಿಯೋ ಆಗಬಹುದು. ಅದನ್ನು ಪೂರೈಸಿದರೆ ರಿಯಾಯಿತಿ ಪೂರ್ತಿ ಸಿಗಬೇಕು.

2. ಕೊಟ್ಟ ದಾರಿ ತನ್ನ ರೋಗಿಗೆ ಸರಿಹೊಂದದು ಎಂದು ಸ್ವಂತ ವೈದ್ಯರು ಹೇಳಿದರೆ, ಅವರ ಸಲಹೆಗೆ ತಕ್ಕಂತೆ ಅನುಕೂಲ ಮಾಡಿಕೊಡಬೇಕು. ಈ ಅವಕಾಶವಿದೆ ಎಂದು ವಿಮೆಯ ಕಾಗದದಲ್ಲಿ ಬರೆದಿರಬೇಕು. ಸಣ್ಣ ಅಕ್ಷರವನ್ನೂ ಓದಲಿ.

3. ತೂಕ ನೋಡುವ ದಿನಕ್ಕಾಗಿ ಉಪವಾಸ, ಭೇದಿ ಮಾತ್ರೆ, ನೀರಿನ ಮಾತ್ರೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು.

4. ತಾವು ನುಂಗುವ ಮಾತ್ರೆಗಳಲ್ಲಿ ತೂಕ ಏರಿಸುವಂಥದು ಇದೆಯೇ, ಬದಲಿಗೆ ಬೇರೆ ಇದೆಯೇ ಎಂದು ವೈದ್ಯರನ್ನು ಕೇಳಲಿ. ತಾವಾಗಿ ನಿಲ್ಲಿಸುವುದು ಬೇಡ.

ಇನ್ನು ನಮ್ಮ ಮಾತು. 1948ರ ಕಾನೂನಿನಡಿ ಬಂದ ನಮ್ಮ ಇಎಸ್‌ಐ ಯೋಜನೆಯಲ್ಲಿ ಕಂತು ಲೆಕ್ಕವಾಗುವುದು ಸಂಬಳದ ಮೇಲೆ, ಸೊಂಟದ ಮೇಲಲ್ಲ. 2019ರ ಜುಲೈಯಿಂದ ನೌಕರನ ಪಾಲು ಶೇಕಡಾ 0.75, ಮಾಲೀಕರದು 3.25. ಗಟ್ಟಿಮುಟ್ಟಾದವನೂ ಕಾಯಿಲೆಯವನೂ ಒಂದೇ ದರದಲ್ಲಿ ಕೊಡುತ್ತಾರೆ. ಇಂದು ಅವನಿಗೆ, ನಾಳೆ ನನಗೆ ಎಂಬ ಈ ಹಂಚಿಕೆಯೇ ವಿಮೆಯ ಜೀವಾಳ. ಆದರೆ ಸ್ವಂತವಾಗಿ ಕೊಳ್ಳುವ ಖಾಸಗಿ ಪಾಲಿಸಿಗಳಲ್ಲಿ ಬಿಎಂಐ ಹೆಚ್ಚಿದ್ದರೆ ಕಂತು ಏರಿಸುವ ರೂಢಿ ನಮ್ಮಲ್ಲೂ ಇದೆ. ಅರ್ಜಿಯಲ್ಲಿ ತೂಕ ಸುಳ್ಳು ಬರೆಯಬೇಡಿ. ಮುಂದೆ ಆಸ್ಪತ್ರೆ ಬಿಲ್ಲು ಪಾಸಾಗುವ ಹೊತ್ತಿಗೆ ಅದೇ ನಿಮಗೆ ಮುಳುವಾದೀತು.

ಮನೆಯೊಳಗೂ ಒಂದು ಬಗೆಯ ದಂಡ ನಡೆಯುತ್ತಿರುತ್ತದೆ. ಮದುವೆ ಮನೆಯಲ್ಲಿ ಎಲ್ಲರೆದುರು "ಏನೇ, ಇಷ್ಟು ದಪ್ಪ ಆಗಿದ್ದೀಯ!" ಎನ್ನುವುದು, ಮಗುವಿನ ತಟ್ಟೆ ನೋಡಿ ಗೇಲಿ ಮಾಡುವುದು. ತೂಕದ ಬಗ್ಗೆ ಅವಮಾನಕ್ಕೆ ಗುರಿಯಾದವರಲ್ಲಿ ಬೊಜ್ಜು ಮುಂದೆ ಹೆಚ್ಚುವ ಸಂಭವವೇ ಅಧಿಕ ಎಂದು 2013ರ ಅಧ್ಯಯನವೊಂದು ಹೇಳಿದೆ. ತಕ್ಕಡಿ ಹತ್ತಲು ನಾಚಿ, ವರ್ಷಗಟ್ಟಲೆ ಡಾಕ್ಟರ ಬಳಿಯೇ ಬಾರದ ಹೆಂಗಸರನ್ನು ನಾನು ಕಂಡಿದ್ದೇನೆ. ಬರುವ ಹೊತ್ತಿಗೆ ಕಾಲಿನ ಹುಣ್ಣು ಮೂಳೆಗೆ ಇಳಿದಿರುತ್ತದೆ. ಮನೆಯಲ್ಲಿ ದಪ್ಪಗಿರುವವರನ್ನು ಹಂಗಿಸುವ ಬದಲು ಸಂಜೆ ಅವರ ಜೊತೆ ಅರ್ಧ ಗಂಟೆ ನಡೆಯಿರಿ. ಎಣ್ಣೆ, ಸಕ್ಕರೆ ಕಡಿಮೆ ಮಾಡುವುದಾದರೆ ಇಡೀ ಮನೆಗೇ ಮಾಡಿ.

ನಮ್ಮ ಆ ರೋಗಿಗೆ ಮಾತ್ರೆಯ ವಿಚಾರವನ್ನು, ಉಪವಾಸದ ದಿನ ನಡೆದುದನ್ನು ವಿವರಿಸಿ ಅಲ್ಲಿನ ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟೆ. ಆ ವೈದ್ಯರು ಮಾತ್ರೆ ಬದಲಾಯಿಸಿದರಂತೆ. ವಿಮೆಯವರು ತೂಕದ ಬದಲು ನಡಿಗೆಯ ಕಾರ್ಯಕ್ರಮವನ್ನು ಒಪ್ಪಿಕೊಂಡರಂತೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದ ತಾಯಿ, "ಎರಡೇ ಕಿಲೋ ಇಳಿದಿದ್ದಾನೆ ಡಾಕ್ಟ್ರೇ" ಎಂದು ಪೇಚಾಡಿಕೊಂಡರು.

"ಸಕ್ಕರೆ ಎಷ್ಟಿದೆಯಮ್ಮಾ?" ಎಂದು ಕೇಳಿದೆ.

"ಅದು ಚೆನ್ನಾಗಿದೆಯಂತೆ. ದಿನಾ ನಡೀತಾನಂತೆ, ರಾತ್ರಿ ನಿದ್ದೆಯೂ ಬರುತ್ತಂತೆ."

ಅವರ ಬಿಎಂಐ ಈಗಲೂ 31. ವೈದ್ಯನಾಗಿ ನನಗೆ ಅಷ್ಟು ಸಾಕು.